ಬಾಣಂತನಕ್ಕೆ ಕಂಪಾಲಾಕ್ಕೆ ಹೊರಟವರು ಎಣಿಸಬೇಕಾದ ದಿನಗಳು

ಪ್ರಶ್ನೆ: ಡಾಕ್ಟ್ರೇ, ನಾವು ಸಕಲೇಶಪುರದ ಹತ್ತಿರದವರು. ಮಗಳು, ಅಳಿಯ ಉಗಾಂಡಾದ ಕಂಪಾಲಾದಲ್ಲಿದ್ದಾರೆ. ಮಗಳಿಗೆ ಈಗ ಐದು ತಿಂಗಳು. ಬಾಣಂತನಕ್ಕೆ ನಾನೂ ನಮ್ಮ ಯಜಮಾನರೂ ಹೋಗಬೇಕು. ನನಗೆ 57, ಅವರಿಗೆ 64. ಅವರಿಗೆ ಬಿಪಿ ಇದೆ. ಮುಂಬೈನಿಂದ ಆಡಿಸ್ ಅಬಾಬ ಮೇಲೆ ಟಿಕೆಟ್ ಮಾಡಿಸೋಣ ಅಂತಿದ್ದಾನೆ ಮಗ. ಹಳದಿ ಜ್ವರದ ಇಂಜೆಕ್ಷನ್ ಇಲ್ಲದೆ ಒಳಗೆ ಬಿಡುವುದಿಲ್ಲವಂತೆ. 60 ದಾಟಿದವರು ಅದನ್ನು ತೆಗೆದುಕೊಳ್ಳಬಾರದು ಅಂತಲೂ ಹೇಳುತ್ತಾರೆ. 2021ರಲ್ಲಿ ಇದೇ ಮಗನನ್ನು ಕೋವಿಡ್ ಸರ್ಟಿಫಿಕೇಟಿನಲ್ಲಿ ಹೆಸರು ಸರಿಯಿಲ್ಲ ಎಂದು ಏರ್‌ಪೋರ್ಟಿನಿಂದ ವಾಪಸ್ ಕಳಿಸಿದ್ದರು. ಆ ಭಯ ಇನ್ನೂ ಹೋಗಿಲ್ಲ. ನಾವು ಅಲ್ಲಿರುವಾಗ ಮತ್ತೆ ಅಂಥದ್ದೇನಾದರೂ ಬಂದು ಎಲ್ಲ ಮುಚ್ಚಿಬಿಟ್ಟರೆ ಗತಿ ಏನು?

ಉತ್ತರ: ಮೊದಲು ನಿಮ್ಮ ಯಜಮಾನರ ವಿಷಯ ಹೇಳಿಬಿಡುತ್ತೇನೆ. ಬಿಪಿ ಹಿಡಿತದಲ್ಲಿದೆ, ಬೇರೆ ದೊಡ್ಡ ಕಾಯಿಲೆ ಇಲ್ಲ ಎಂದಾದರೆ ಅವರು ಲಸಿಕೆ ಹಾಕಿಸಿಕೊಳ್ಳಬಹುದು. 60 ದಾಟಿದವರಿಗೆ ಅಪಾಯ ಅನ್ನುವ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಇದು ಜೀವಂತ ವೈರಸ್ಸನ್ನೇ ಸಾಧು ಮಾಡಿ ತಯಾರಿಸಿದ ಲಸಿಕೆ. ಮೊದಲ ಸಲ ಹಾಕಿಸಿಕೊಂಡಾಗ ತುಂಬಾ ಅಪರೂಪಕ್ಕೆ ಅದೇ ವೈರಸ್ ಯಕೃತ್ತು, ಮೂತ್ರಪಿಂಡಕ್ಕೆ ತೊಂದರೆ ಕೊಡುವುದುಂಟು. 60 ದಾಟಿದವರಲ್ಲಿ ಅದು ಲಕ್ಷಕ್ಕೆ ಒಬ್ಬರ ಆಸುಪಾಸು. ಚಿಕ್ಕವರಲ್ಲಿ ಅದಕ್ಕಿಂತ ಕಡಿಮೆ. ಇನ್ನೊಂದು ಕಡೆ ಉಗಾಂಡಾದಲ್ಲಿ ಸೊಳ್ಳೆಯಿಂದ ಹರಡುವ ಈ ಹಳದಿ ಜ್ವರ ನಿಜವಾಗಿಯೂ ಇದೆ. ಆ ರೋಗ ಜೋರಾಗಿ ಹಿಡಿದು ಕಾಮಾಲೆ ಕಾಣಿಸಿಕೊಂಡರೆ ಅರ್ಧಕ್ಕರ್ಧ ಜನ ಉಳಿಯುವುದಿಲ್ಲ. ಅದಕ್ಕೆಂದೇ ಇರುವ ಔಷಧಿಯೂ ಇಲ್ಲ. ಎರಡನ್ನೂ ತೂಗಿ ನೋಡಿದರೆ ನಾನು ಲಸಿಕೆ ಕಡೆಗೇ ನಿಲ್ಲುತ್ತೇನೆ.

ಹಾಕಿಸಿಕೊಳ್ಳಬಾರದವರು ಬೇರೆ ಇದ್ದಾರೆ. ಮೊಟ್ಟೆ ತಿಂದರೆ ಉಸಿರು ಕಟ್ಟುವಷ್ಟು ಅಲರ್ಜಿ ಇರುವವರು, ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಜಾಸ್ತಿ ಡೋಸಿನ ಸ್ಟೆರಾಯ್ಡ್ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯಲ್ಲಿರುವವರು, ಎದೆಯೊಳಗಿನ ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರು. ಕೀಲು ನೋವಿಗೆ ಅಂತ ನಿಮ್ಮ ಯಜಮಾನರು ಏನಾದರೂ ಮಾತ್ರೆ ನುಂಗುತ್ತಿದ್ದರೆ ಆ ಚೀಟಿಯನ್ನು ತಪ್ಪದೆ ನಿಮ್ಮ ಡಾಕ್ಟರಿಗೆ ತೋರಿಸಿ. ನಮ್ಮ ಕಡೆ ಬಿಪಿ ಮಾತ್ರೆ ಹೆಸರು ಎಲ್ಲರೂ ಹೇಳುತ್ತಾರೆ. ಮಂಡಿ ನೋವಿನ ಮಾತ್ರೆ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ, ಕೆಲವು ಸಲ ಅದರಲ್ಲಿ ಸ್ಟೆರಾಯ್ಡ್ ಇರುತ್ತದೆ. 60 ದಾಟಿದವರಿಂದ ಕೆಲವು ಲಸಿಕಾ ಕೇಂದ್ರಗಳು ಫಿಟ್‌ನೆಸ್ ಸರ್ಟಿಫಿಕೇಟ್ ಕೇಳುತ್ತವೆ. ಅದನ್ನೂ ಆಗಲೇ ಬರೆಸಿಕೊಂಡುಬಿಡಿ.

ಈಗ ದಿನಗಳ ಲೆಕ್ಕ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಲಸಿಕೆ ಹಾಕಿಸಿಕೊಂಡ ದಿನ ಸರ್ಟಿಫಿಕೇಟ್ ಕೈಗೆ ಬರುತ್ತದೆ, ಆದರೆ ಅದಕ್ಕೆ ಜೀವ ಬರುವುದು 10 ದಿನ ಕಳೆದ ಮೇಲೆ. ಒಂದನೇ ತಾರೀಕು ಚುಚ್ಚಿಸಿಕೊಂಡರೆ 11ರಿಂದ ಅದು ನಡೆಯುತ್ತದೆ. ಮೈಯಲ್ಲಿ ರಕ್ಷಣೆ ಹುಟ್ಟುವುದಕ್ಕೆ ಅಷ್ಟು ದಿನ ಬೇಕು, ಅದಕ್ಕೇ ಈ 10. ಎಂಟನೇ ದಿನಕ್ಕೆ ವಿಮಾನ ಹತ್ತಲು ಹೋದರೆ ಲಸಿಕೆ ಹಾಕಿಸಿಕೊಳ್ಳದವರಿಗೂ ನಿಮಗೂ ವ್ಯತ್ಯಾಸ ಇರುವುದಿಲ್ಲ. ಒಂದು ಸಮಾಧಾನವೆಂದರೆ ಒಮ್ಮೆ ಹಾಕಿಸಿಕೊಂಡರೆ ಸಾಕು. ಮೊದಲು ಆ ಸರ್ಟಿಫಿಕೇಟಿಗೆ 10 ವರ್ಷದ ಆಯಸ್ಸಿತ್ತು. 2016ರ ಜುಲೈ 11ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ನಿಮ್ಮ ಅಳಿಯ ಅದಕ್ಕಿಂತ ಮುಂಚೆ ಹಾಕಿಸಿಕೊಂಡಿದ್ದರೆ ಆ ಹಳೇ ಪುಸ್ತಕವೂ ನಡೆಯುತ್ತದೆ.

ಈ ಲಸಿಕೆಯನ್ನು ಯಾವ ನರ್ಸಿಂಗ್ ಹೋಂನಲ್ಲಿ ಬೇಕಾದರೂ ಹಾಕಿಸಿಕೊಳ್ಳುವ ಹಾಗಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಕೇಂದ್ರವೇ ಆಗಬೇಕು, ಇಲ್ಲದಿದ್ದರೆ ಸರ್ಟಿಫಿಕೇಟಿಗೆ ಬೆಲೆಯಿಲ್ಲ. ನಮ್ಮ ಜಿಲ್ಲೆಯಿಂದ ಹೋಗುವವರು ಸಾಮಾನ್ಯವಾಗಿ ಬೆಂಗಳೂರಿಗೇ ಹೋಗುತ್ತಾರೆ. ಸುಮ್ನೆ ಬಸ್ ಹತ್ತಿ ಹೊರಡಬೇಡಿ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇರುತ್ತದೆ. ಒಮ್ಮೆ ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಅದಕ್ಕೇ ಜನ ಕೂಡಿಸಿ, ಗೊತ್ತು ಮಾಡಿದ ದಿನ ಮಾತ್ರ ಹಾಕುತ್ತಾರೆ. ಮೊದಲು ದಿನ ಗೊತ್ತು ಮಾಡಿಕೊಂಡು ಪಾಸ್‌ಪೋರ್ಟ್ ಹಿಡಿದು ಹೋಗಿ. ಉಗಾಂಡಾದ ಇ-ವೀಸಾ ಅರ್ಜಿಯ ಜೊತೆಗೇ ಈ ಸರ್ಟಿಫಿಕೇಟಿನ ಪ್ರತಿ ಹಾಕಬೇಕು. ಹಾಗಾಗಿ ಮೊದಲು ಲಸಿಕೆ, ಆಮೇಲೆ ವೀಸಾ. ಟಿಕೆಟ್ ಮಾಡಿಸಿ, ವೀಸಾಕ್ಕೆ ಕೂತು, ಅಲ್ಲಿ ಅಡ್ಡಬಿದ್ದು ನನ್ನ ಹತ್ತಿರ ಓಡಿಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಸರ್ಟಿಫಿಕೇಟ್ ಅಂದರೆ ಅಂಗೈಗೆ ಹಿಡಿಸುವ ಒಂದು ಹಳದಿ ಪುಸ್ತಕ. ಅದನ್ನು ಕೊಟ್ಟ ಕೂಡಲೇ ಬ್ಯಾಗಿಗೆ ಹಾಕಬೇಡಿ. ಅಲ್ಲೇ ಬೆಂಚಿನ ಮೇಲೆ ಕೂತು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಓದಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಲಸಿಕೆಯ ಬ್ಯಾಚ್ ನಂಬರ್, ಹಾಕಿದವರ ಸಹಿ, ಕೇಂದ್ರದ ಮೊಹರು. ತಾರೀಕಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆದಿರಬೇಕು. 5-3 ಅಂತ ಬರೆದರೆ ಒಂದು ದೇಶದಲ್ಲಿ ಮಾರ್ಚ್ 5, ಇನ್ನೊಂದರಲ್ಲಿ ಮೇ 3. ತಿದ್ದಿದ, ಅಳಿಸಿ ಬರೆದ, ಖಾಲಿ ಬಿಟ್ಟ ಒಂದು ಜಾಗ ಇದ್ದರೂ ಸರ್ಟಿಫಿಕೇಟನ್ನು ತಳ್ಳಿಹಾಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯಲ್ಲೇ ಇದೆ. ಸಹಿ ಹಾಕಲು ಬಾರದವರಿಗೂ ಅದರಲ್ಲಿ ದಾರಿ ಇದೆ. ಅವರು ತಮ್ಮ ಗುರುತು ಒತ್ತಿದರೆ ಸಾಕು, ಇದು ಇವರದೇ ಗುರುತು ಎಂದು ಇನ್ನೊಬ್ಬರು ಪಕ್ಕದಲ್ಲಿ ಬರೆಯಬೇಕು. ಓದು ಬರಹ ಬಾರದ ಅಜ್ಜಿಗೂ ಕಾನೂನು ಜಾಗ ಇಟ್ಟಿದೆಯಲ್ಲ, ಅದು ನನಗೆ ಇಷ್ಟ.

ಹೆಸರಿನ ವಿಷಯಕ್ಕೆ ಬರೋಣ. ನಿಮ್ಮ ಮಗನಿಗಾದ ಪೆಟ್ಟು ನಮ್ಮ ಜನಕ್ಕೆ ಮತ್ತೆ ಮತ್ತೆ ಬೀಳುವ ಪೆಟ್ಟು. ನಮ್ಮ ಹೆಸರುಗಳು ಹುಟ್ಟುವ ರೀತಿಯೇ ಬೇರೆ. ಊರಿನ ಮೊದಲಕ್ಷರ, ಅಪ್ಪನ ಮೊದಲಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟಿನವರು ಆ ಇನಿಷಿಯಲ್ ಬಿಡಿಸಿ ಬರೆಯಿರಿ ಎನ್ನುತ್ತಾರೆ. ಆಧಾರ್‌ನಲ್ಲಿ ಇನಿಷಿಯಲ್ ಹಾಗೇ ಇರುತ್ತದೆ. ಲಸಿಕೆ ಹಾಕುವಾಗ ಆಧಾರ್ ತೋರಿಸುತ್ತೇವೆ, ವಿಮಾನ ಹತ್ತುವಾಗ ಪಾಸ್‌ಪೋರ್ಟ್ ತೋರಿಸುತ್ತೇವೆ. ಹೋದ ಬೇಸಿಗೆಯಲ್ಲಿ ಚನ್ನರಾಯಪಟ್ಟಣದ ಕಡೆಯ ಒಬ್ಬರು ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದರು. ಅವರ ಎರಡು ಕಾಗದ ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆವು. ಮೊಮ್ಮಗಳು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿದಳು. ಒಂದರಲ್ಲಿ 'ಗೌರಮ್ಮ', ಇನ್ನೊಂದರಲ್ಲಿ 'ಗೌರಮ್ಮ' ಆದ ಮೇಲೆ ಗಂಡನ ಹೆಸರು, ಅದಕ್ಕೆ ಅಂಟಿಕೊಂಡು ಊರಿನ ಹೆಸರು. ಇಂಗ್ಲಿಷಿನಲ್ಲಿ ಒಂದು ಕಡೆ ಒಂದು 'ಎಂ', ಇನ್ನೊಂದು ಕಡೆ ಎರಡು. ನಮಗೆ ಅದು ಒಂದೇ ಗೌರಮ್ಮ. ಕೌಂಟರಿನ ಹುಡುಗನಿಗೆ ಇಬ್ಬರು ಗೌರಮ್ಮ. ಹೊರಡುವುದಕ್ಕೆ ಇನ್ನೂ ಐದು ವಾರವಿತ್ತು, ಸರಿಮಾಡಿಸಿಕೊಂಡರು.

ಕೋವಿಡ್ ಕಾಲದಲ್ಲಿ ಇದು ಒಬ್ಬಿಬ್ಬರ ತೊಂದರೆಯಾಗಿ ಉಳಿಯಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಕೋವಿಶೀಲ್ಡ್ ಲಸಿಕೆಯನ್ನು ಒಪ್ಪಿತು, ಆದರೆ ಭಾರತದ ಸರ್ಟಿಫಿಕೇಟನ್ನು ಒಪ್ಪಲಿಲ್ಲ. ಕೋವಿನ್ ಸರ್ಟಿಫಿಕೇಟಿನಲ್ಲಿ ಆಗ ಪೂರ್ತಿ ಹುಟ್ಟಿದ ದಿನ ಇರಲಿಲ್ಲ. ಅದನ್ನು ಸೇರಿಸಿದರು. ಇದಕ್ಕೆ ಪ್ರತಿಯಾಗಿ ಅಕ್ಟೋಬರ್ 4ರಿಂದ ಭಾರತವೂ ಅಲ್ಲಿಂದ ಬರುವ ಬ್ರಿಟಿಷರಿಗೆ 10 ದಿನದ ಕ್ವಾರಂಟೈನ್ ಹಾಕಿತು. 11ಕ್ಕೆ ಬ್ರಿಟನ್ ಸಡಿಲಿಸಿತು. ಕೊವ್ಯಾಕ್ಸಿನ್ ಹಾಕಿಸಿಕೊಂಡವರದ್ದು ಇನ್ನೊಂದು ಪಾಡು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಪಟ್ಟಿಗೆ ಸೇರಿಸಿದ್ದು ನವೆಂಬರ್ 3ಕ್ಕೆ. ಅಲ್ಲಿಯವರೆಗೆ ಎರಡು ಡೋಸ್ ಆದವರನ್ನೂ ಎಷ್ಟೋ ದೇಶಗಳು ಲಸಿಕೆ ಆಗದವರ ಸಾಲಿನಲ್ಲೇ ನಿಲ್ಲಿಸಿದವು. ನಿಮ್ಮ ಮಗನ ತಪ್ಪು ಏನೂ ಇರಲಿಲ್ಲ. ಅವನಿಗೆ ಇದನ್ನು ಹೇಳಿ.

ಹೋಗುವಾಗ ಕೇಳುವುದು ಉಗಾಂಡಾ. ಬರುವಾಗ ಕೇಳುವುದು ನಮ್ಮ ದೇಶವೇ, ಅದೂ ಇನ್ನೂ ಕಟ್ಟುನಿಟ್ಟಾಗಿ. ಹಳದಿ ಜ್ವರ ಇರುವ ದೇಶದಿಂದ ಹೊರಟು 6 ದಿನದೊಳಗೆ ಇಲ್ಲಿಗೆ ಬಂದವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಸೊಳ್ಳೆ ಕಚ್ಚಿ 3ರಿಂದ 6 ದಿನದೊಳಗೆ ಈ ಜ್ವರ ಹೊರಗೆ ಬರುತ್ತದೆ, ಆ 6 ಅಲ್ಲಿಂದ ಬಂದದ್ದು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾಗಿ ನಮ್ಮವರನ್ನು ಕರೆತಂದಾಗ ಏನಾಯಿತು ನೆನಪಿದೆಯಾ? ಅವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನ ತುಂಬಾ ಇದ್ದರು. ನಮ್ಮ ಬೇಲೂರು ತಾಲೂಕಿನ ಅಂಗಡಿಹಳ್ಳಿಯಲ್ಲೂ ಆ ಸಮುದಾಯ ಇದೆಯಲ್ಲ, ಹೊರದೇಶಕ್ಕೆ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿಬರುವವರು. ಗುಂಡಿನ ಸದ್ದಿನ ಮಧ್ಯದಿಂದ ಜೀವ ಹಿಡಿದು ಬಂದವರಲ್ಲೂ ಹಳದಿ ಪುಸ್ತಕ ಇಲ್ಲದವರನ್ನು ಕ್ವಾರಂಟೈನ್‌ನಲ್ಲಿ ಇಟ್ಟರು. ಆ ತಿಂಗಳ ಕೊನೆಗೆ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕದಲ್ಲಿ ಅಂಥವರು ದೇಶದಲ್ಲಿ 117 ಮಂದಿ.

ಕಠಿಣ ಅನಿಸುತ್ತದೆ. ಆದರೂ ಈ ನಿಯಮ ಬೇಕು ಅನ್ನುವವನು ನಾನು. ಹಳದಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಡೆಂಗಿ ಹರಡುವ ಅದೇ ಸೊಳ್ಳೆ. ಹಾಸನದ ಯಾವ ಬೀದಿಯ ತೊಟ್ಟಿ, ಟೈರಿನಲ್ಲಿ ಬೇಕಾದರೂ ಅದು ಸಿಗುತ್ತದೆ. ಸೊಳ್ಳೆ ಇದೆ, ವೈರಸ್ ಇಲ್ಲ. ಇಲ್ಲಿಯವರೆಗೂ ಭಾರತಕ್ಕೆ ಈ ರೋಗ ಕಾಲಿಟ್ಟಿಲ್ಲ. ಆಫ್ರಿಕಾದ ಕಾಡಿನಲ್ಲಿ ಅದು ಮಂಗಗಳ ಮೈಯಲ್ಲಿ ಬದುಕುತ್ತದೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಹಳದಿ ಜ್ವರದ ವೈರಸ್ಸೂ ಒಂದೇ ಕುಟುಂಬದವು. ಅದು ಉಣ್ಣೆ ಹುಳುವಿನಿಂದ ಬರುತ್ತದೆ, ಇದು ಸೊಳ್ಳೆಯಿಂದ. ಒಂದು ಸಲ ಕಾಡಿಗಿಳಿದ ಕಾಯಿಲೆಯನ್ನು ಮತ್ತೆ ಹೊರಗಟ್ಟುವುದು ಎಷ್ಟು ಕಷ್ಟ ಅಂತ ಮಲೆನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಡಿಸ್ ಅಬಾಬದಲ್ಲಿ ಸುಮ್ನೆ ವಿಮಾನ ಬದಲಿಸುತ್ತೇವೆ, ಅದಕ್ಕೂ ಬೇಕಾ ಅಂತ ನಿಮ್ಮ ಮಗ ಕೇಳಬಹುದು. ಇಥಿಯೋಪಿಯಾ ಕೂಡ ಹಳದಿ ಜ್ವರದ ಪಟ್ಟಿಯಲ್ಲಿದೆ. ಏರ್‌ಪೋರ್ಟ್ ಬಿಟ್ಟು ಹೊರಗೆ ಹೋಗದವರಿಗೆ ವಿನಾಯಿತಿ ಕೊಡಲು ನಮ್ಮ ನಿಯಮದಲ್ಲಿ ಅವಕಾಶ ಇದೆ, ಆದರೆ ಆರೋಗ್ಯಾಧಿಕಾರಿ ಒಪ್ಪಬೇಕು. ಲಸಿಕೆ ಬೇಡವೆಂದು ಡಾಕ್ಟರ್ ಬರೆದುಕೊಟ್ಟ ಪತ್ರಕ್ಕೂ ಇದೇ ಮಾತು. ಅಧಿಕಾರಿ ಅದನ್ನು ಗಮನಿಸಬೇಕು ಅಂತ ಇದೆ, ಒಪ್ಪಲೇಬೇಕು ಅಂತ ಇಲ್ಲ. ನಿಮಗೆ ಹೇಗೂ ಲಸಿಕೆ ಆಗಿರುತ್ತದೆ. ಮುಂಬೈನಲ್ಲಿ ಇಳಿದಾಗ ಪುಸ್ತಕ ಕೈಯಲ್ಲಿರಲಿ, ಲಗೇಜಿಗೆ ಹಾಕಬೇಡಿ.

ಇನ್ನು ನಿಮ್ಮ ದೊಡ್ಡ ಭಯ, ಎಲ್ಲ ಮುಚ್ಚಿಬಿಟ್ಟರೆ ಅನ್ನುವುದು. ಕೋವಿಡ್ ಬಂದಾಗ ಅದು ಎಷ್ಟು ಬೇಗ ಆಯಿತು ನೋಡಿ. 2020ರ ಜನವರಿ 30ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಸ್ಥಿತಿ ಸಾರಿತು. ಮಾರ್ಚ್ 11ಕ್ಕೆ ಮಹಾಸೋಂಕು ಎಂದಿತು. ಅದೇ ಮಾರ್ಚ್ ಕೊನೆಯ ವಾರದ ಹೊತ್ತಿಗೆ ಹೊರದೇಶದ ಒಂದೇ ಒಂದು ಮಾಮೂಲಿ ಪ್ರಯಾಣಿಕ ವಿಮಾನವೂ ಇಲ್ಲಿ ಇಳಿಯುತ್ತಿರಲಿಲ್ಲ. ಹೊರದೇಶದಲ್ಲಿ ಸಿಕ್ಕಿಹಾಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಮೇ 7ಕ್ಕೆ ಶುರುವಾದವು. ಮಾಮೂಲಿ ಹಾರಾಟ ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ಅಂದರೆ ಬಾಗಿಲು ಹಾಕಲು ಎರಡು ವಾರ, ಪೂರ್ತಿ ತೆಗೆಯಲು ಎರಡು ವರ್ಷ.

ವಂದೇ ಭಾರತ್‌ನಲ್ಲಿ ಮೊದಲು ಸೀಟು ಸಿಕ್ಕಿದ್ದು ಯಾರಿಗೆ? ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿದ್ದವರಿಗೆ. ಅದರಲ್ಲೂ ಗರ್ಭಿಣಿಯರು, ವಯಸ್ಸಾದವರು, ಕಾಯಿಲೆಯವರು ಮುಂದೆ. ಕಂಪಾಲಾದಲ್ಲಿ ಭಾರತದ ಹೈಕಮಿಷನ್ ಇದೆ. ನೀವು ಹೋಗಿ ಇಳಿದ ವಾರವೇ ನಿಮ್ಮ ಹೆಸರು ಅಲ್ಲಿ ನೋಂದಾಯಿಸಲು ಅಳಿಯನಿಗೆ ಹೇಳಿ. ಬಿಪಿ ಮಾತ್ರೆ ನೀವು ಇರುವ ದಿನಕ್ಕಿಂತ ಎರಡು ತಿಂಗಳಿಗೆ ಜಾಸ್ತಿಯೇ ಒಯ್ಯಿರಿ. ಮಾತ್ರೆಯ ಮೂಲ ಔಷಧದ ಹೆಸರನ್ನು ಡಾಕ್ಟರ್ ಚೀಟಿಯಲ್ಲಿ ಬರೆಸಿ. ನಮ್ಮ ಕಂಪನಿಯ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ವಾಪಸ್ ಟಿಕೆಟ್ ದಿನ ಬದಲಿಸಲು ಬರುವಂಥದ್ದಾಗಿರಲಿ. ಪ್ರಯಾಣ ವಿಮೆ ಮಾಡಿಸುವಾಗ ಮಹಾಸೋಂಕಿನ ಚಿಕಿತ್ಸೆ, ಕ್ವಾರಂಟೈನ್ ಖರ್ಚು ಸೇರಿದೆಯೇ ಅಂತ ಬಾಯಿಬಿಟ್ಟು ಕೇಳಿ. ಪ್ರಯಾಣಿಕರನ್ನು ಕ್ವಾರಂಟೈನ್‌ನಲ್ಲಿ ಇಟ್ಟರೆ ಸಾಮಾನ್ಯವಾಗಿ ಅವರಿಂದ ದುಡ್ಡು ತೆಗೆದುಕೊಳ್ಳಬಾರದು ಎಂದು ಅಂತರರಾಷ್ಟ್ರೀಯ ನಿಯಮಾವಳಿಯ 40ನೇ ವಿಧಿ ಹೇಳುತ್ತದೆ. 2020ರಲ್ಲಿ ಮಾತ್ರ ನಮ್ಮ ದೇಶವೂ ಸೇರಿ ಹಲವು ಕಡೆ ಏಳು ದಿನದ ಹೋಟೆಲ್ ಬಿಲ್ ಕಟ್ಟಿದ್ದು ಪ್ರಯಾಣಿಕರೇ. ಕೆಲಸ ಕಳೆದುಕೊಂಡು ಗಲ್ಫ್‌ನಿಂದ ಬಂದವರಿಗೂ ಅದೇ. ಅದು ನ್ಯಾಯವಾಗಿರಲಿಲ್ಲ ಎಂದೇ ನಾನು ಇವತ್ತಿಗೂ ಹೇಳುತ್ತೇನೆ.

ಮುಂದೆ ಯಾವ ರೋಗ ಬಂದರೂ ಹೆಚ್ಚು ಕಡಿಮೆ ಇದೇ ಮೆಟ್ಟಿಲು ಹತ್ತುತ್ತಾರೆ. ಮೊದಲು ಜ್ವರ ನೋಡುವ ಯಂತ್ರ, ಆರೋಗ್ಯದ ಫಾರಂ. ಆಮೇಲೆ ನೆಗೆಟಿವ್ ರಿಪೋರ್ಟ್, ಕ್ವಾರಂಟೈನ್, ಕೊನೆಗೆ ಲಸಿಕೆ ಸರ್ಟಿಫಿಕೇಟ್. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಗೆ 2025ರ ಸೆಪ್ಟೆಂಬರ್ 19ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಮಹಾಸೋಂಕಿನ ತುರ್ತು ಸ್ಥಿತಿ ಎಂಬ ಹೊಸ ಹಂತವನ್ನೂ ಸೇರಿಸಿದ್ದಾರೆ, ಡಿಜಿಟಲ್ ಕಾಗದಕ್ಕೂ ಜಾಗ ಮಾಡಿದ್ದಾರೆ. ಇದರಲ್ಲಿ ನಮ್ಮ ಊರಿನವರು ಎಡವುವುದು ರಿಪೋರ್ಟಿನ ಗಂಟೆ ಲೆಕ್ಕದಲ್ಲಿ. ಕೋವಿಡ್ ಕಾಲದ 72 ಗಂಟೆ ಅಂದರೆ ಸ್ಯಾಂಪಲ್ ಕೊಟ್ಟ ಗಳಿಗೆಯಿಂದ, ರಿಪೋರ್ಟ್ ಕೈಗೆ ಬಂದ ಗಳಿಗೆಯಿಂದಲ್ಲ. ಬೆಂಗಳೂರಿನವರಿಗೆ ಏರ್‌ಪೋರ್ಟ್ ಒಂದೆರಡು ಗಂಟೆಯ ದಾರಿ. ನಮಗೆ ಹಾಸನದಿಂದಲೇ ಇನ್ನೂರು ಕಿಲೋಮೀಟರ್ ಮೇಲೆ. ನಿಮಗೆ ಅಲ್ಲಿಂದ ಮುಂಬೈ ಬೇರೆ, ಆಮೇಲೆ ಆಡಿಸ್‌ನಲ್ಲಿ ಕಾಯುವುದು ಬೇರೆ. ಕೆಲವು ದೇಶ ವಿಮಾನ ಹೊರಡುವ ಹೊತ್ತಿಗೆ ಎಣಿಸುತ್ತಿದ್ದವು, ಕೆಲವು ಇಳಿಯುವ ಹೊತ್ತಿಗೆ. ಅಂಥ ದಿನ ಮತ್ತೆ ಬಂದರೆ ಸ್ಯಾಂಪಲ್ಲನ್ನು ಊರಲ್ಲಿ ಕೊಡಬೇಡಿ, ವಿಮಾನ ಹತ್ತುವ ಊರಿಗೆ ಹೋಗಿ ಕೊಡಿ.

ಗಡಿ ಮುಚ್ಚುವುದರಿಂದ ರೋಗ ನಿಲ್ಲುತ್ತದೆಯೇ ಅಂದರೆ, ನನ್ನ ಅನುಭವದಲ್ಲಿ ನಿಲ್ಲುವುದಿಲ್ಲ, ತಡವಾಗುತ್ತದೆ. 2021ರ ನವೆಂಬರ್ ಕೊನೆಗೆ ದಕ್ಷಿಣ ಆಫ್ರಿಕಾದಿಂದ ಒಮಿಕ್ರಾನ್ ಸುದ್ದಿ ಬಂತು. ಡಿಸೆಂಬರ್ 1ರಿಂದ ನಮ್ಮಲ್ಲಿ ಹೊಸ ನಿಯಮ. 2ಕ್ಕೆ ದೇಶದ ಮೊದಲ ಎರಡು ಪ್ರಕರಣ ಹೊರಬಿದ್ದದ್ದು ಬೆಂಗಳೂರಿನಲ್ಲೇ, ಅವರಲ್ಲಿ ಒಬ್ಬರು ಎಲ್ಲಿಗೂ ಪ್ರಯಾಣ ಮಾಡದ ವೈದ್ಯರು. ನಿಯಮ ಬರುವ ಮುಂಚೆಯೇ ವೈರಸ್ ಬಂದಿತ್ತು. ಉಗಾಂಡಾದಲ್ಲಿ 2022ರಲ್ಲಿ, ಮತ್ತೆ 2025ರಲ್ಲಿ ಎಬೋಲಾ ಬಂದಾಗ ಪ್ರಯಾಣಕ್ಕೆ ತಡೆ ಹಾಕಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಎರಡು ಸಲವೂ ಕೆಲವೇ ತಿಂಗಳಲ್ಲಿ ಅದು ಹತೋಟಿಗೆ ಬಂತು. ಹಾಗಾಗಿ ಸುದ್ದಿಯಲ್ಲಿ ಹೆಸರು ಕೇಳಿದ ಕೂಡಲೇ ಟಿಕೆಟ್ ರದ್ದು ಮಾಡಬೇಡಿ.

ನಿಯಮ ಎಲ್ಲಿ ನೋಡಬೇಕು? ವಾಟ್ಸಾಪ್‌ನಲ್ಲಿ ಅಲ್ಲ. ಚೆಕ್-ಇನ್ ಕೌಂಟರಿನವರು ಟಿಮ್ಯಾಟಿಕ್ ಎಂಬ ಕಂಪ್ಯೂಟರ್ ಪಟ್ಟಿ ನೋಡಿ ಹೌದು, ಇಲ್ಲ ಎನ್ನುತ್ತಾರೆ. ಒಳಗೆ ಬಿಡದ ಪ್ರಯಾಣಿಕರನ್ನು ವಾಪಸ್ ತರುವ ಹೊಣೆ ವಿಮಾನ ಕಂಪನಿಯದ್ದು, ಅದಕ್ಕೇ ಅವರಿಗೆ ಅಷ್ಟು ಬಿಗಿ. ಅದೇ ಮಾಹಿತಿಯನ್ನು ವಿಮಾನ ಕಂಪನಿಗಳ ಒಕ್ಕೂಟವಾದ ಐಯಾಟಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಟಿಕೆಟ್ ಮಾಡುವಾಗ ಒಮ್ಮೆ, ಹೊರಡುವ ವಾರ ಒಮ್ಮೆ, ಹಿಂದಿನ ದಿನ ಒಮ್ಮೆ ಮಗನಿಗೆ ನೋಡಲು ಹೇಳಿ. ಇಥಿಯೋಪಿಯಾದ್ದನ್ನೂ ನೋಡಲಿ.

ಕೂಸಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಾಣಂತನ ಮುಗಿಸಿ ಮಗಳನ್ನೂ ಮಗುವನ್ನೂ ಊರಿಗೆ ಕರೆತರುವ ಯೋಚನೆ ಇದ್ದರೆ ಆರು ತಿಂಗಳೊಳಗಿನ ಕೂಸಿಗೆ ಹಳದಿ ಪುಸ್ತಕ ಬೇಡ. ಒಂಬತ್ತು ತಿಂಗಳಿಗೆ ಮುಂಚೆ ಆ ಲಸಿಕೆಯನ್ನು ಸಾಮಾನ್ಯವಾಗಿ ಕೊಡುವುದೂ ಇಲ್ಲ. ಮಗಳ ಪುಸ್ತಕ ಎಲ್ಲಿದೆ ಅಂತ ಈಗಲೇ ಹುಡುಕಿಸಿ. ಕಳೆದಿದ್ದರೆ ಎದೆಹಾಲು ಕುಡಿಸುವಾಗ ಮತ್ತೆ ಆ ಲಸಿಕೆ ಹಾಕಿಸುವುದು ನನಗೆ ಇಷ್ಟವಿಲ್ಲ. ಮೊದಲು ಹಾಕಿದ ಕೇಂದ್ರದಿಂದ ನಕಲು ಪಡೆಯುವುದು ಲೇಸು.

ಕೊನೆಯದಾಗಿ, ಯಾವ ಕೌಂಟರಿನಲ್ಲೂ ಕಾಗದ ಕೇಳದ ಒಂದು ಕಾಯಿಲೆ ಇದೆ. ಕಂಪಾಲಾದಲ್ಲಿ ನಿಮ್ಮಂಥವರನ್ನು ಹೆಚ್ಚಾಗಿ ಮಲಗಿಸುವುದು ಹಳದಿ ಜ್ವರವಲ್ಲ, ಮಲೇರಿಯಾ. ಅಲ್ಲಿನ ಮಲೇರಿಯಾ ಮೆದುಳಿಗೆ ಏರುವ ಜಾತಿಯದು, ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗುವುದಿಲ್ಲ. ಅದಕ್ಕೆ ಮುಂಜಾಗ್ರತೆ ಮಾತ್ರೆ ಬೇರೆ ಇವೆ. ಹೊರಡುವ ಮುಂಚೆ ಶುರುಮಾಡಿ, ಬಂದ ಮೇಲೂ ಕೆಲವು ದಿನ ನುಂಗಬೇಕು. ಯಾವುದು ಎಷ್ಟು ದಿನ ಅನ್ನುವುದನ್ನು ಯಜಮಾನರ ಬಿಪಿ ಮಾತ್ರೆ ನೋಡಿ ನಿಮ್ಮ ಡಾಕ್ಟರ್ ಹೇಳುತ್ತಾರೆ. ರಾತ್ರಿ ಸೊಳ್ಳೆಪರದೆ ಬಿಡಬೇಡಿ. ಬಾಣಂತಿ, ಕೂಸಿಗಂತೂ ಬೇಕೇ ಬೇಕು. ಊರಿಗೆ ಬಂದ ಮೇಲೆ ಮೂರು ತಿಂಗಳೊಳಗೆ ಯಾರಿಗೆ ಜ್ವರ ಬಂದರೂ ಮಳೆಗಾಲದ ಜ್ವರ ಅಂತ ಕಷಾಯ ಕುಡಿದು ಮಲಗಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಡಾಕ್ಟರ್ ನಾಡಿ ಹಿಡಿಯುವ ಮುಂಚೆಯೇ, ನಾವು ಆಫ್ರಿಕಾಕ್ಕೆ ಹೋಗಿ ಬಂದವರು, ಮಲೇರಿಯಾ ರಕ್ತ ಪರೀಕ್ಷೆ ಮಾಡಿ ಅಂತ ಹೇಳಿ.